ಸೆರಗಿನ ಹೂವು, ತೊಟ್ಟಿಲ ಗಿಣಿ

ಬಸವ ಜಯಂತಿ ಬಂತಂದ್ರ ನಮ್ಮ ಮಸೂತಿ ಓಣ್ಯಾಗ ತೊಟ್ಟಿಲ ಕಟ್ಟೂದು ಹೆಣ್ಣಮಕ್ಕಳ ಕೆಲಸ. ಮೆರವಣಿಗಿ, ಪ್ರಸಾದ, ಮೈಕು ಇವೆಲ್ಲ ಗಂಡಸರದು. ತೊಟ್ಟಿಲಿಗೆ ಹೂವು, ಗಿಣಿ, ಗೊಂಚಲ ಕಟ್ಟಿ, ಬಸವಣ್ಣನ ಸಣ್ಣ ಮೂರ್ತಿ ಒಳಗಿಟ್ಟು ಜೋಗುಳ ಹಾಡೂದು ನಮ್ಮದು. ಹೋದ ವರ್ಷ ಬಾಡಿಗಿ ಶೃಂಗಾರ ತರಸೋಣು, ಪ್ಲಾಸ್ಟಿಕ್ ಹೂವು, ಸರದ ಲೈಟು ಎಲ್ಲಾ ಅವರ ಕಟ್ಟಿ ಹೋಗ್ತಾರ ಅಂತ ಮಾತು ಬಂತು. ನಾನು ನಮ್ಮವ್ವನ ಪೆಟಗ್ಯಾಗ ಇದ್ದ ಹಳೆ ರೇಷ್ಮಿ ಗೊಂಚಲ ತಂದು ತೋರಿಸಿ, ಇಂಥಾದ್ದ ನಾವ ಮಾಡೋಣು ಅಂದೆ. ಅವಾಗ ಒಬ್ಬಾಕಿ ಕೇಳಿದಳು, "ವೈನಿ, ಇದು ಎಷ್ಟು ಹಳೇದು? ಖರೇನ ಬಸವಣ್ಣನ ಕಾಲದಿಂದ ಬಂದ ಪದ್ಧತಿ ಏನು?" ಅಂತ. ಕೇಳೂ ಮಾತ ಅದು. ನಿಂತ ನಿಂತಲ್ಲೆ ಹೇಳೂ ಅಂಥಾದ್ದಲ್ಲ, ಅದಕ್ಕ ಕುಂತು ಬರಿಯಾಕ ಹತ್ತೀನಿ.

ಮೊದಲ ಆ ಗೊಂಚಲ ಹೆಂಗ ಐತಿ ಹೇಳ್ತೀನಿ. ಮೂರು ಗಿಣಿ, ಹನ್ನೊಂದು ಹೂವು, ಎಲ್ಲಾ ಒಂದ ದಾರಕ್ಕ ಪೋಣಿಸಿದ್ದು. ನಡುನಡುವ ಗಾಜಿನ ಮಣಿ. ಒಂದು ಗಿಣಿಗೆ ತಲಿ ಇಲ್ಲ. ಹೂವಿನೊಳಗ ಐದು ಮಾತ್ರ ಗಟ್ಟಿ ಅದಾವ, ಉಳಿದವು ಮುಟ್ಟಿದ್ರ ಪುಡಿ ಉದರ್ತಾವ. ನಮ್ಮವ್ವನ ತವರುಮನಿ ಕೃಷ್ಣಾ ದಂಡಿ ಮ್ಯಾಲಿತ್ತು. ಆಲಮಟ್ಟಿ ಹಿನ್ನೀರು ಬರ್ತದ ಅಂತ ಊರು ಬಿಡೂ ಮುಂದ ಕಾಳಿನ ಹಗೇವು, ಬಾಗಲಾ, ತೊಲಿ, ಎಲ್ಲಾ ಹೊರಗ ಬಂದು ಬಿದ್ದವು. ತೊಟ್ಟಿಲ ಯಾರಿಗೋ ಹ್ವಾತು. ಗೊಂಚಲ ಮಾತ್ರ ಪೆಟಗಿ ತಳದಾಗ, ಕುಂಚಗಿ ಒಳಗ ಸುತ್ತಿಟ್ಟದ್ದು ಉಳೀತು.

ನಮ್ಮ ಆಯಿ ಹೇಳ್ತಿದ್ದಳಂತ, ಇದು ಬಸವಣ್ಣನ ತೊಟ್ಟಿಲಿಗೆ ಕಟ್ಟಿದ್ದ ಹೂವಿನ ಪದ್ಧತಿ ಅಂತ. ಬಾಗೇವಾಡಿ ಬಸವಣ್ಣನ ಹುಟ್ಟೂರು, ನಾವು ಅದ ಸೀಮಿ ಮಂದಿ. ಹಿಂಗಾಗಿ ನಮಗ ಎಲ್ಲಾದೂ ಅಲ್ಲಿಂದ ಬಂದಂಗ ಅನಸ್ತದ. ಆದ್ರ ಬಸವ ಜಯಂತಿ ಅಂತ ಊರು ಕೂಡಿ ಮಾಡೂ ಹಬ್ಬ ಅಷ್ಟು ಹಳೇದಲ್ಲ. 1913ರಲ್ಲಿ ದಾವಣಗೆರಿಯೊಳಗ ಹರ್ಡೇಕರ ಮಂಜಪ್ಪನವರು ಅದನ್ನ ಸಾರ್ವಜನಿಕವಾಗಿ ಸುರು ಮಾಡಿದ್ರು. ಅಲ್ಲಿಂದ ಊರೂರಿಗೆ ಹಬ್ಬಿತು. ಅಂದಮ್ಯಾಲ ಜಯಂತಿ ತೊಟ್ಟಿಲು, ಅದರ ಗೊಂಚಲು ನಮ್ಮ ಕಡೆ ಬಂದದ್ದು 1913ರ ಈಚೆಗ.

ಹಂಗಾದ್ರ ಅಷ್ಟು ಬೇಗ ಹೆಣ್ಣಮಕ್ಕಳಿಗೆ ಅದನ್ನ ಮಾಡಾಕ ಹೆಂಗ ಬಂತು? ಮನ್ಯಾಗ ಮೊದಲ ಇತ್ತು, ಅದಕ್ಕ ಬಂತು. ಕೂಸಿನ ತೊಟ್ಟಿಲಿಗೆ ಕಟ್ಟೂ ಗಿಣಿನ ದೇವರ ತೊಟ್ಟಿಲಿಗೂ ಕಟ್ಟಿದ್ರು. ಚೊಚ್ಚಿಲ ಬಾಣಂತಾನಕ್ಕ ತವರಿನವರು ತೊಟ್ಟಿಲ ಕೊಡೂದು, ಆ ತೊಟ್ಟಿಲ ಕಲಘಟಗಿದಾದ್ರ ಊರೆಲ್ಲಾ ಬಂದು ನೋಡೂದು, ನಿಮಗ ಹೇಳಬೇಕಾಗಿಲ್ಲ. ಕಲಘಟಗಿ ಚಿತ್ರಗಾರರು ಅರಗಿನ ಬಣ್ಣದಾಗ ತೊಟ್ಟಿಲ ಹಲಗಿ ಮ್ಯಾಲ ಕೃಷ್ಣನ ಆಟ, ಪುರಾಣದ ಕಥಿ ಬರೀತಾರ. ಎರಡು ಮೂರು ತಲಿಮಾರು ಕೂಸು ಮಲಗಿದ್ರೂ ಆ ಬಣ್ಣ ಹೋಗೂದಿಲ್ಲ. ಆದ್ರ ತೊಟ್ಟಿಲಾಗ ಅಂಗಾತ ಮಲಗಿದ ಕೂಸಿಗೆ ಹಲಗಿ ಮ್ಯಾಲಿನ ಚಿತ್ರ ಎಲ್ಲಿ ಕಾಣಬೇಕು? ಕೂಸು ನೋಡೂದು ಮ್ಯಾಲ ತೂಗೂ ಗಿಣಿನ. ತೊಟ್ಟಿಲ ರೊಕ್ಕ ಕೊಟ್ಟು ಚಿತ್ರಗಾರರ ಕಡಿಂದ ತರತಿದ್ರು, ಗಿಣಿ ಮಾತ್ರ ಮನಿ ಹೆಣ್ಣಮಕ್ಕಳು ಹೊಲೀತಿದ್ರು. ಕಸೂತಿ ಹಾಕೂ ಕೈಗೆ ಗಿಣಿ ಹೊಸಾದೇನಲ್ಲ. ಚಂದ್ರಕಾಳಿ ಸೀರಿ ಮ್ಯಾಲ ಗೋಪುರ, ತೇರು, ತುಳಸಿಕಟ್ಟಿ, ಆನಿ, ನವಿಲಿನ ಜೊತಿಗೆ ಗಿಣಿನೂ ಕುಂತಿರ್ತದಲ್ಲ. ಬಟ್ಟಿ ಮ್ಯಾಲಿಂದ ಇಳಿಸಿ, ಅರಳಿ ತುಂಬಿ, ತೂಗು ಹಾಕಿದ್ರು, ಅಷ್ಟ.

ಇನ್ನ ಈ ಗೊಂಚಲಿನ ವಯಸ್ಸು. ನಾನು ಪಿ.ಯು.ಸಿ. ತನಕ ಓದಿದಾಕಿ, ಪ್ರಯೋಗಶಾಲಿ ನನ್ನ ಹಂತೇಕ ಇಲ್ಲ. ಆದ್ರ ಒಲಿ ಐತಿ, ಮೂಗು ಐತಿ. ಒಂದು ಹೂವಿನ ಎಳಿ ಹಿರದು ಕಡ್ಡಿ ಗೀರಿ ಸುಟ್ಟು ನೋಡಿದೆ. ಕೂದಲಾ ಸುಟ್ಟ ವಾಸನಿ ಬಂತು, ತುದಿ ಕರೇ ಗುಳ್ಳಿ ಆಗಿ ಬೆರಳಾಗ ಹಿಚುಕಿದ್ರ ಪುಡಿ ಆತು. ಅಂದ್ರ ಅದು ಹುಳದ ರೇಷ್ಮಿ. ಕೃತಕ ರೇಷ್ಮಿ, ನಾವು ಚಮಕಾ ಅಂತೀವಲ್ಲ, ಅದು ಕಾಗದ ಸುಟ್ಟಂಗ ಭರ್ರನ ಉರೀತದ. ನಿಮ್ಮ ಮನಿ ಹಳೆ ಬಟ್ಟಿನೂ ಹಿಂಗ ನೋಡಬಹುದು, ಒಂದ ಒಂದು ಎಳಿ ಸಾಕು.

ಆಮ್ಯಾಲ ಬಣ್ಣ. ಒಂದು ಹೂವು ಕಣ್ಣು ಕುಕ್ಕೂ ರಾಣಿ ಬಣ್ಣದ್ದು. ಆ ಬಣ್ಣ ನೋಡಿದಕೂಡ್ಲೆ ನನಗ ಗೊತ್ತಾತು, ಇದು ಗಿಡದ ಬೇರು, ಅರಗು, ನೀಲಿಯಿಂದ ಅದ್ದಿದ್ದಲ್ಲ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಅನ್ನೂ ಹದಿನೆಂಟು ವರ್ಷದ ಹುಡುಗ ಮಲೇರಿಯಾಕ್ಕ ಔಷಧ ಮಾಡಾಕ ಹೋಗಿ ನೇರಳಿ ಬಣ್ಣ ಮಾಡಿಟ್ಟ. ಅದರ ಹಿಂದ ಸಾಲಾಗಿ ರಾಸಾಯನಿಕ ಬಣ್ಣ ಬಂದವು, ನಮ್ಮ ಸಂತಿಗೂ ಬಂದವು. ಅಂದ್ರ ರಾಣಿ ಹೂವು ಆ ಕಾಲದ ಈಚೆದು. ಕೆಂಪು ಹೂವು ಯಾವ ಸೀರಿದು ಅನ್ನೂದು ನಮ್ಮವ್ವನಿಗೆ ಗೊತ್ತಿತ್ತು, ನಮ್ಮ ಆಯಿ ಮದುವಿಗೆ ಉಟ್ಟ ಇಳಕಲ್ ಸೀರಿದು. ಆಯಿ ಮದುವಿ ಆದದ್ದು ಸ್ವಾತಂತ್ರ್ಯ ಬರೂಕ್ಕಿಂತ ಕೆಲವು ವರ್ಷ ಮೊದಲ. ಸೀರಿ ಹರಿದ ಮ್ಯಾಲ ಹೂವು. ಹಿಂಗಾಗಿ ಗೊಂಚಲಿಗೆ ನೂರು ವರ್ಷ ತುಂಬಿಲ್ಲ. ಮಾಡೂ ಕೈ ಅದಕ್ಕಿಂತ ಹಳೇದು, ವಸ್ತು ಅಲ್ಲ. ಕೇಳಿದಾಕಿಗೆ ಇದು ನನ್ನ ಉತ್ತರ.

ಆದ್ರ ನನಗ ಹೆಚ್ಚು ಬೆರಗ ಆದದ್ದು ವಯಸ್ಸಿಗಲ್ಲ, ಆ ಕೆಂಪು ತುಣುಕಿಗೆ. ಇಳಕಲ್ ಸೀರಿ ಉಟ್ಟವರಿಗೆ ಅದರ ಗುಟ್ಟು ಗೊತ್ತು. ಮೈ ಹತ್ತಿದು, ಸೆರಗು ರೇಷ್ಮಿದು. ಮೈಯಿನ ಹಾಸು ಎಳಿಗೆ ಸೆರಗಿನ ಹಾಸು ಎಳಿನ ಒಂದೊಂದ ಕೊಂಡಿ ಹಾಕಿ ಮಗ್ಗದ ಮ್ಯಾಲ ಜೋಡಸ್ತಾರ, ಅದಕ್ಕ ತೋಪ ತೆನಿ ಸೆರಗು ಕೂಡತದ. ಪೂರಾ ರೇಷ್ಮಿ ಸೀರಿ ಕೊಳ್ಳೂ ಶಕ್ತಿ ಇಲ್ಲದ ರೈತರ ಮನ್ಯಾಗ ರೇಷ್ಮಿ ಅಂತ ಇದ್ದದ್ದು ಆ ಸೆರಗು, ಅಂಚು, ಮತ್ತ ಗುಳೇದಗುಡ್ಡದ ಖಣ, ಇಷ್ಟ. 1997ರಾಗ ಬಾಗಲಕೋಟಿ ಬ್ಯಾರೆ ಜಿಲ್ಲಾ ಆಗೂತನಕ ಇಳಕಲ್, ಗುಳೇದಗುಡ್ಡ ಎರಡೂ ನಮ್ಮ ಬಿಜಾಪುರ ಜಿಲ್ಲಾದಾಗ ಇದ್ದವು. ಸಂತಿಗೆ ಹ್ವಾದ್ರ ಸಿಗೂ ಬಟ್ಟಿ.

ಸೀರಿ ಹಳೇದಾದ್ರ ಮೊದಲ ಹತ್ತಿ ಮೈ ಹರೀತದ, ಮೊಳಕಾಲಿನ ಹಂತೇಕ, ಕುಂಡಿ ಊರೂ ಹಂತೇಕ. ಅದು ಕೌದಿಗೆ ಹೋಗ್ತಿತ್ತು. ಸೆರಗು ಇನ್ನೂ ಗಟ್ಟಿ ಇರ್ತಿತ್ತು. ಅದರಾಗ ಒಂದು ಪಾಲು ಕೂಸಿನ ಕುಂಚಗಿಗೆ, ಒಂದು ಪಾಲು ಜಗಲಿ ಮ್ಯಾಲಿನ ದೇವರ ಹಾಸಿಗೆ, ಉಳಿದ ನಾಕ ಬಟ್ಟು ತುಣುಕು ಹೂವಿಗೆ. ತಲಿ ಮ್ಯಾಲ ಹೊದ್ದ ಸೆರಗು, ಹಿರಿಯರು ಬಂದ್ರ ಎಳಕೊಂಡ ಸೆರಗು, ಕಣ್ಣೀರು ಒರಿಸಿದ ಸೆರಗು, ಕೂಸಿನ ಮಾರಿ ಮುಚ್ಚಿದ ಸೆರಗು, ಅದ ಕಡೀಕ ದೇವರ ತೊಟ್ಟಿಲಿಗೆ ಹೂವಾಗಿ ಹೋಗ್ತಿತ್ತು. ಉಟ್ಟ ಬಟ್ಟಿ ದೇವರಿಗೆ ನಡೀತದೇನು ಅಂತ ಮಡಿ ಮಾತು ಆಡವರು ಅದಾರ. ನಮ್ಮ ಕಡೆ ಯಾರೂ ಆಡಿದ್ದು ನಾ ಕೇಳಿಲ್ಲ. ನೀರಾಗ ಅದ್ದಿ ಒಣಗಿಸಿದ್ರ ಮುಗೀತು.

ಇನ್ನೂ ಒಂದು ಮಾತು. ಇಳಕಲ್ ಸೆರಗಿನ ಮ್ಯಾಲಿನ ಬಿಳಿ ನಕ್ಷಿಗೆ ಹೆಸರು ಅದಾವ. ಹಣಿಗಿ, ಕೋಟಿ ಕಮ್ಮಲಿ, ರಂಪ, ತೋಪ ತೆನಿ. ತೆನಿ ಅಂದ್ರ ಜ್ವಾಳದ ತೆನಿನ. ಐದು ಗಟ್ಟಿ ಹೂವು ಕೈಯಾಗ ಹಿಡಿದು ಬೆಳಕಿಗೆ ತಂದಾಗ ಕಂಡಿತು, ಕತ್ತರಿ ಹಾಕಿದಾಕಿ ಸುಮ್ಮ ಎಲ್ಲಿ ಬೇಕಲ್ಲಿ ಹಾಕಿಲ್ಲ. ಪ್ರತಿ ಎಸಳಿನ ತುದಿಗೆ ಬಿಳಿ ತೆನಿ ಬರೂವಂಗ ಅಳದು ಕತ್ತರಿಸ್ಯಾಳ. ಒಡದು ಹ್ವಾದ ಹೂವು ಬಿಚ್ಚಿದೆ. ನಡುವಿನ ಹಳದಿ ಬಟ್ಟಿ ಗುಂಡಿನೊಳಗ ತೂತು ಬಿದ್ದ ಒಂದು ಜ್ವಾಳದ ಕಾಳು. ಎಲ್ಲಾದರಾಗೂ ಹಂಗ. ತೆನಿ ಎಸಳಿನ ಮ್ಯಾಲ, ಕಾಳು ಹೊಟ್ಟ್ಯಾಗ.

ಅರಸರ ಮನಿ ಹೂವಿನ ಸುದ್ದಿ ಪುಸ್ತಕದಾಗ ಬೇಕಾದಷ್ಟು ಸಿಗತದ. ಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಾಗ ಬರೆದ ಮಾನಸೋಲ್ಲಾಸದಲ್ಲಿ ಅರಸನ ನೂರು ವಿಷಯಗಳೊಳಗ ಹೂವು, ಮಾಲಿಗೂ ಜಾಗಾ ಐತಿ. 1443ರಲ್ಲಿ ವಿಜಯನಗರಕ್ಕ ಬಂದ ಹೆರಾತಿನ ಅಬ್ದುಲ್ ರಜಾಕ್, ಈ ಮಂದಿಗೆ ಗುಲಾಬಿ ಅಂದ್ರ ಊಟದಷ್ಟ ಬೇಕು ಅಂತ ಬರದಾನ. ನಮ್ಮ ವಿಜಯಪುರದ ಅಸರ್ ಮಹಲಿನ ಮ್ಯಾಲಿನ ಮಾಳಗಿ ಗ್ವಾಡಿ ಮ್ಯಾಲ ಹೂದಾನಿ, ಬಳ್ಳಿ ಚಿತ್ರ ಅದಾವ. ಪೈಗಂಬರರ ಪವಿತ್ರ ಕೂದಲು ಇಟ್ಟ ಜಾಗಾ ಅದು, 1646ರ ಸುಮಾರಿಗೆ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ್ದು. ಹೆಣ್ಣಮಕ್ಕಳನ್ನ ಒಳಗ ಬಿಡೂದಿಲ್ಲ, ಹಿಂಗಾಗಿ ಆ ಹೂವು ನಾನು ಫೋಟೋದಾಗ ನೋಡೀನಿ. ಚಂದ ಅದಾವ. ಆದ್ರ ರೈತರ ಮನಿ ಹೆಂಗಸು ಹರಕ ಸೆರಗಿನಿಂದ ಮಾಡಿದ ಹೂವಿನ ಬಗ್ಗೆ ಅರಸನೂ ಬರಿಲಿಲ್ಲ, ಪ್ರವಾಸಿನೂ ಬರಿಲಿಲ್ಲ. ಇದ ವಿಜಯಪುರದಾಗ ವಕೀಲಕಿ ಮಾಡ್ಕೋತ ಫ.ಗು. ಹಳಕಟ್ಟಿಯವರು ಮನಿಮನಿ ತಿರುಗಿ ತಾಡವೋಲಿ ಕೂಡಿಸಿದ್ರು. ಜಗಲಿ ಮ್ಯಾಲ ಪೂಜಿಗೆ ಇಟ್ಟು ಓದದ ಬಿಟ್ಟಿದ್ದ ಕಟ್ಟು ಬಿಚ್ಚಿಸಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಮಾಡಿಸಿದ್ರು. ಅವರು ಹಂಗ ತಿರುಗದಿದ್ರ ಎಷ್ಟು ವಚನ ಗೆದ್ದಲಿಗೆ ಹೋಗ್ತಿದ್ದವೋ. ಅದ ಮನ್ಯಾಗಿನ ಪೆಟಗ್ಯಾಗ ಗೊಂಚಲೂ ಇದ್ದಾವು. ಅವನ್ನ ಕೂಡಿಸವರು ಯಾರೂ ಬರಲಿಲ್ಲ.

ಬರದಿದ್ರ ತಪ್ಪು ಅಂತ ನಾ ಅನ್ನೂದಿಲ್ಲ. ನಮ್ಮ ಹೆಣ್ಣಮಕ್ಕಳ ದೇವರ ಕೆಲಸ ಎಲ್ಲಾ ಕೆಡೂ ಅಂಥಾದ್ದ. ಮಣ್ಣೆತ್ತಿನ ಅಮಾಸಿ ಎತ್ತು ಮಣ್ಣಿಗೆ ಹೋಗ್ತಾವ. ಆಷಾಢದ ಗುಳ್ಳವ್ವನ್ನ ಗುಲಗಂಜಿ, ಕುಸುಬಿ, ನವಿಲಗರಿ ಹಚ್ಚಿ ಶೃಂಗಾರ ಮಾಡಿ ಕಡೀಕ ನೀರಿಗೆ ಬಿಡ್ತೀವಿ. ಜೋಕುಮಾರ ಏಳು ದಿನ ತಿರುಗಿ ಸಾಯ್ತಾನ. ಗೌರಿ ಹುಣ್ಣಿವಿ ಸಕ್ಕರಿ ಆರತಿ ತೇರು, ಆನಿ, ಗೋಪುರ ಬೆಳಗಾಗೂದ್ರಾಗ ಹುಡುಗೂರ ಹೊಟ್ಟಿ ಸೇರ್ತಾವ. ಇಡೂದು ನಮ್ಮ ಪದ್ಧತಿ ಅಲ್ಲ, ಮತ್ತ ಮಾಡೂದು ಪದ್ಧತಿ. ಪ್ರತಿ ವರ್ಷ ಮಾಡೂ ಕೈ ಇರೂತನಕ ಹಳೇದು ಇಡೂ ಅವಶ್ಯಾನ ಇರಲಿಲ್ಲ. ಕೈ ನಿಂತ ವರ್ಷ ಮಾತ್ರ ನೋಡಿ ಕಲಿಯಾಕ ಒಂದೂ ಉಳಿದಿರೂದಿಲ್ಲ.

ಬೇರೆ ಕಡೆ ಇದು ಉಲ್ಟಾ ಆಗೇದ. ನಮ್ಮ ಸೊಸಿ ಫೋನಿನಾಗ ತೋರಿಸಿದ್ದಳು. ಬೆಲ್ಜಿಯಂ ದೇಶದಾಗ ಮೆಖೆಲೆನ್ ಅಂತ ಒಂದು ಪಟ್ಟಣ. ಅಲ್ಲಿ ಐನೂರು ವರ್ಷದ ಹಿಂದ ದವಾಖಾನಿ ನಡಸ್ತಿದ್ದ ಕ್ರೈಸ್ತ ಸನ್ಯಾಸಿನಿಯರ ಮಠ ಇತ್ತು. ಅಲ್ಲಿದ್ದ ಗೂಡಿನಂಥಾ ಕಟ್ಟಿಗಿ ಪೆಟ್ಟಿಗಿಯೊಳಗ ಒಂದೊಂದು ತ್ವಾಟ ಮಾಡಿಟ್ಟಾರ. ನಡುವ ಕಟ್ಟಿಗಿಲೆ ಕೆತ್ತಿದ ಸಣ್ಣ ಸಂತರ ಗೊಂಬಿ, ಸುತ್ತ ಕಿಕ್ಕಿರಿದು ರೇಷ್ಮಿ ಹೂವು, ಎಲಿ, ಮಣಿ, ಬಟ್ಟ್ಯಾಗ ಸುತ್ತಿದ ಸಂತರ ಅಸ್ಥಿ ಚೂರು, ಅದರ ಮ್ಯಾಲ ಹೆಸರು ಬರೆದ ಕಾಗದ. ತಂತಿಗೆ ರೇಷ್ಮಿ ನೂಲು ಸುತ್ತಿ ಸುತ್ತಿ ಮಾಡಿದ ಹೂವು ಅವು. ಏಳು ತ್ವಾಟ ಉಳದಾವ. 2014ರಿಂದ 2018ರ ತನಕ ತಜ್ಞರು ಕೂಡಿ ಅವನ್ನ ತುಣುಕು ತುಣುಕು ಸ್ವಚ್ಛ ಮಾಡಿ, ರಿಪೇರಿ ಮಾಡಿ, ಅದ ಊರಿನ ಮ್ಯೂಜಿಯಮ್ಮಿನಾಗ ಇಟ್ಟಾರ. ಅಲ್ಲಿ ಹೂವು ಉಳೀತು, ಮಾಡೂ ಕೈ ಹ್ವಾತು. ಹೆಂಗ ಮಾಡಿದ್ರು ಅನ್ನೂದನ್ನ ಭೂತಗನ್ನಡಿ ಹಿಡದು ಹುಡುಕಬೇಕಾತು. ನಮ್ಮಲ್ಲಿ ಹೂವು ಹ್ವಾತು, ಕೈ ಇನ್ನೂ ಒಂದು ಎರಡು ಉಳದಾವ. ಅವನ್ನ ಕೇಳಿದ್ರ ಹೇಳ್ತಾವ. ನಾವ ನಶೀಬದವರು ಅಂತ ನನಗ ಅನಿಸ್ತು.

ನಮ್ಮ ಓಣ್ಯಾಗ ಉಳಿದ ಕೈ ಅಂದ್ರ ದೊಡ್ಡವ್ವಂದು. ಎಂಬತ್ತು ದಾಟ್ಯಾವ, ಕಣ್ಣು ಮಂಜು. ಸೂಜಿ ಪೋಣಿಸಾಕ ಆಗೂದಿಲ್ಲ, ಆದ್ರ ಬಟ್ಟಿ ಕೈಗೆ ಕೊಟ್ರ ಬೆರಳು ತಾವ ಮಡಚತಾವ. ನಾನು, ನನ್ನ ನೆಗೆಣ್ಣಿ, ಸೊಸಿ ಮೂವರೂ ಎದುರಿಗೆ ಕುಂತು ನೋಡಿ ಕಲತೀವಿ. ನಾಕ ಬಟ್ಟಿನ ಚೌಕ ಕತ್ತರಿಸಬೇಕು. ಮೂಲಿಗೆ ಮೂಲಿ ಕೂಡಿಸಿ ಮುಕ್ಕೋಣ ಮಡಚಬೇಕು. ಎರಡೂ ಕಡೆ ಚೂಪು ತಂದು ನಡುವಿನ ತುದಿಗೆ ಮುಟ್ಟಿಸಿ, ಕೆಳಗಿನ ಹಸಿ ಅಂಚಿಗೆ ಸಣ್ಣ ಓಟದ ಹೊಲಿಗಿ ಹಾಕಿ ದಾರ ಜಗ್ಗಿದ್ರ ಎಸಳು ಉಬ್ಬಿ ನಿಂದರ್ತದ. ದಾರ ಹರೀಬಾರದು, ಅದ ದಾರಕ್ಕ ಮುಂದಿನ ಎಸಳು. ಐದು ಆದ ಮ್ಯಾಲ ಸುತ್ತು ಹಾಕಿ ಜಗ್ಗಿ ಗಂಟು ಹಾಕೂದು. ಕೇಳಾಕ ಹಗುರ. ತೆನಿ ಎಸಳಿನ ತುದಿಗೆ ಬರಬೇಕಂದ್ರ ಮಾತ್ರ ಕತ್ತರಿ ಹಾಕೂ ಮೊದಲ ಮಡಚಿ ನೋಡಬೇಕು, ದೊಡ್ಡವ್ವ ಬಟ್ಟಿ ಸವರಿನ ನಕ್ಷಿ ಎಲ್ಲೈತಿ ಹೇಳ್ತಾಳ.

ಗಂಜಿ ಬದಲಿ ಹುಣಸಿ ಬೀಜದ ಅಂಟು. ಬೀಜ ಹುರದು, ನೆನಸಿ, ಸಿಪ್ಪಿ ತಗದು, ನುಣ್ಣಗ ಅರದು, ನೀರು ಹಾಕಿ ಕುದಿಸಬೇಕು. ತಿಳಿ ಮಾಡಿ ಬಟ್ಟಿಗೆ ಸವರಿ ನೆರಳಾಗ ಒಣಗಿಸಿದ್ರ ರೇಷ್ಮಿ ಬಿಗಿ ಹಿಡೀತದ, ಹೊಳಪು ಹೋಗೂದಿಲ್ಲ. ಕೊಪ್ಪಳದ ಕಿನ್ನಾಳದಾಗ ದೇವರ ಮೂರ್ತಿ, ಗೊಂಬಿ ಮಾಡೂ ಚಿತ್ರಗಾರರೂ ಇದ ಅಂಟು ಬಳಸ್ತಾರ. ಕಟ್ಟಿಗಿ ಪುಡಿ, ಗೋಣಿ ನಾರು ಇದರಾಗ ಕಲಸಿ ಕಿಟ್ಟ ಮಾಡಿ ಗೊಂಬಿಗೆ ಮೆತ್ತತಾರ. ಅವರ ಗೊಂಬಿಗೂ ನಮ್ಮ ಗಿಣಿಗೂ ಅಂಟು ಒಂದ ಅನ್ನೂದು ನನಗ ಈಗ ತಿಳೀತು. ನಮ್ಮ ಸೊಸಿ ಮೊದಲ ಗ್ಲೂ ಗನ್ ತಂದಿದ್ದಳು. ಹಳೆ ರೇಷ್ಮಿಗೆ ಆ ಬಿಸಿ ಅಂಟು ಹಚ್ಚಿದಲ್ಲೆ ಬಟ್ಟಿ ಸುಟ್ಟು ಮುದ್ದಿ ಆತು, ಅಕಿನ ನಕ್ಕೋತ ಎತ್ತಿ ಇಟ್ಟಳು. ಗಿಣಿ ಮಾತ್ರ ಅಕಿ ಕೈಯಾಗ ನನ್ನಕ್ಕಿಂತ ಚಲೋ ಬರ್ತಾವ. ಹಸರು ಖಣದ ಎರಡು ತುಣುಕು, ಅರಳಿ, ಕೆಂಪು ನೂಲಿನ ಚುಂಚ, ಬಾಲಕ್ಕ ಅಂಚಿನ ಪಟ್ಟಿ.

ವಾದ ಆದದ್ದು ಕಾಳಿನ ಮ್ಯಾಲ. ಹಳೆ ಹೂವು ಹಾಳಾದದ್ದಕ್ಕ ಆ ಜ್ವಾಳದ ಕಾಳ ಕಾರಣ. ನುಸಿ ಬಂದು ಕಾಳು ತಿಂದು, ಬಟ್ಟಿ ಕೊರದು ಹೊರಗ ಬಂದೈತಿ. ಐದು ಗಟ್ಟಿ ಹೂವಿನಾಗ ಕಾಳಿಗೆ ನುಸಿ ಹತ್ತಿಲ್ಲ. ನೆಗೆಣ್ಣಿ ಅಂದಳು, ಕಾಳು ಬ್ಯಾಡ, ಗಾಜಿನ ಮಣಿ ಇಡೋಣು, ನೂರು ವರ್ಷ ಇರ್ತದ. ದೊಡ್ಡವ್ವ ಒಪ್ಪಲಿಲ್ಲ. "ಖಾಲಿ ತೊಟ್ಟಿಲ ತೂಗಬಾರದು, ಕಾಳಿಲ್ಲದ ಹೂವು ಕಟ್ಟಬಾರದು" ಅಂದಳು. ಎಲ್ಲಿಂದ ಬಂತು ಆ ಮಾತು ಅಂದ್ರ, ನಮ್ಮತ್ತಿ ಅಂತಿದ್ದಳು ಅಂದಳು. ಎರಡು ದಿನ ಇಬ್ಬರೂ ಮಾತಾಡಲಿಲ್ಲ. ನೆಗೆಣ್ಣಿ ಮಾತಿನಾಗ ತೂಕ ಇತ್ತು, ನಾವು ಇಷ್ಟು ತ್ರಾಸು ತಗೊಂಡು ಮಾಡೂದು ಉಳೀಲಿ ಅಂತನ ಅಲ್ಲ? ಆದ್ರ ನನ್ನ ಮನಸ್ಸು ದೊಡ್ಡವ್ವನ ಕಡೆ ಹೊರಳಿತು. ಮಣಿ ಇಟ್ರ ನಮ್ಮ ಮೊಮ್ಮಕ್ಕಳು ಹೂವು ನೋಡ್ತಾರ, ಕಾಳು ಇಟ್ರ ಹೂವು ಮಾಡಬೇಕಾಗ್ತದ. ಬೇವಿನ ಎಲಿ ರಸದಾಗ ಅದ್ದಿ ಒಣಗಿಸಿದ ಬಿಳಿಜ್ವಾಳ ಇಡೋಣು ಅಂತ ಮೂವರೂ ಒಪ್ಪಿದೀವಿ. ಹಳೆ ಗೊಂಚಲಿಗೆ ಮಾತ್ರ ಕೈ ಹಚ್ಚಿಲ್ಲ. ತಲಿ ಇಲ್ಲದ ಗಿಣಿಗೆ ಹೊಸ ತಲಿ ಹಾಕೋಣು ಅಂದ್ರು, ನಾ ಬ್ಯಾಡ ಅಂದೆ. ತೊಳದ ಬಿಳಿ ಹತ್ತಿ ಬಟ್ಟ್ಯಾಗ ಸುತ್ತಿ ಡಬ್ಬಿಯೊಳಗ ಇಟ್ಟೀನಿ, ಹೊಸಾದು ಹೊಲಿಯೂ ಮುಂದ ತಗದು ನೋಡಿ ಮತ್ತ ಇಡ್ತೀನಿ.

ಇಲ್ಲೀತನಕ ಇಪ್ಪತ್ತೆರಡು ಹೂವು, ಏಳು ಗಿಣಿ ಆಗ್ಯಾವ. ತೊಟ್ಟಿಲ ನಾಕೂ ಕಡೆ ತುಂಬಬೇಕಂದ್ರ ಐವತ್ತು ಹೂವಾದ್ರೂ ಬೇಕು, ಖರೇ ರೇಷ್ಮಿ ಸೆರಗು ಮುಗಿಯಾಕ ಬಂದೈತಿ. ಹೊಸ ಚಮಕಾ ಸೆರಗು ಮಡಚಿದ್ರ ಜಾರತದ, ಎಸಳು ನಿಂದರೂದಿಲ್ಲ. ನಿಮ್ಮ ಮನ್ಯಾಗ ಅವ್ವಂದು, ಅತ್ತಿದು ಹಳೆ ಇಳಕಲ್ ಸೀರಿ ಇದ್ರ, ಕೌದಿ ಹೊಲಿಯವರಿಗೆ ಕೊಡೂ ಮೊದಲ ಸೆರಗು ಕತ್ತರಿಸಿ ತಗೀರಿ. ಅಂಗೈಯಷ್ಟು ಇದ್ರೂ ನಡೀತದ. ಯಾರ ಸೀರಿದು, ಯಾವ ಊರಿನವರದು ಅನ್ನೂದು ಒಂದು ಚೀಟಿ ಮ್ಯಾಲ ಬರದು ಜೊತಿಗಿಡ್ರಿ. ಬುಧವಾರ ಮಧ್ಯಾಹ್ನ ನಮ್ಮ ಪಡಸಾಲ್ಯಾಗ ದೊಡ್ಡವ್ವ ಕುಂದರ್ತಾಳ. ಸೂಜಿ ನೀವ ತರಬೇಕು, ನಮ್ಮಲ್ಲಿರೂವು ಮೂರ.